ಹಳೇ ಬೈಕಿನ ಪೆಟ್ರೋಲ್ ಕಾಕ್ ಸೋರುತ್ತಿದೆಯಾ? ಬಿಚ್ಚಿ, ಸರಿಮಾಡಿ, ಮತ್ತೆ ಕೂರಿಸುವ ಪೂರ್ತಿ ವಿಧಾನ

ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಯಮಹಾ ಆರ್‌ಎಕ್ಸ್ 100 ತಯಾರಿಕೆ ನಿಂತದ್ದೂ ಅದೇ ವರ್ಷ. ಅಂದರೆ ಇವುಗಳಲ್ಲಿ ಕೊನೆಗೆ ಹೊರಬಂದ ಗಾಡಿಗೂ ಈಗ ಮೂವತ್ತರ ಆಸುಪಾಸು ವಯಸ್ಸು. ಇಷ್ಟು ವರ್ಷದಲ್ಲಿ ಇಂಜಿನ್ ಬೋರ್ ಆಗಿರುತ್ತದೆ, ಪೇಂಟ್ ಹೊಸದಾಗಿರುತ್ತದೆ, ಸೀಟಿನ ರೆಕ್ಸಿನ್ ಬದಲಾಗಿರುತ್ತದೆ. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್, ಅಂದರೆ ಇಂಜಿನ್‌ಗೆ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿಯ ಕಡೆ ಮಾತ್ರ ಅದು ಸೋರುವ ತನಕ ಯಾರೂ ನೋಡಿರುವುದಿಲ್ಲ.

ಸೋರಲು ಶುರುವಾದ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದೋ, ಮೇಲಿಂದ ಎಂ-ಸೀಲ್ ಮೆತ್ತುತ್ತಾರೆ. ಇಲ್ಲವೇ, ಸಿಕ್ಕಿದ ಹೊಸ ಕಾಕ್ ತಂದು ಹಾಕುತ್ತಾರೆ, ಅದೂ ಆರು ತಿಂಗಳಲ್ಲಿ ಒದ್ದೆಯಾಗುತ್ತದೆ. ಹೆಚ್ಚಿನ ಸಲ ಇವೆರಡೂ ಬೇಕಿಲ್ಲ. ಕಾಕ್‌ನ ಲೋಹದ ಮೈ ಗಟ್ಟಿಯಾಗೇ ಇರುತ್ತದೆ. ಹಾಳಾಗಿರುವುದು ಒಳಗಿನ ರಬ್ಬರ್ ಮತ್ತು ಆ ರಬ್ಬರ್ ಕೂರುವ ಮುಖ. ರಬ್ಬರ್ ಹೊಸದು ಹಾಕಿ, ಮುಖವನ್ನು ಸಪಾಟು ಮಾಡಿದರೆ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ. ಅರ್ಧ ದಿನದ ಕೆಲಸ, ಮನೆಯಲ್ಲೇ ಮಾಡಬಹುದು.

## ಯಾಕೆ ಸೋರುತ್ತದೆ

ಹಳೇ ಗಾಡಿಗಳ ಮಾಮೂಲಿ ಕಾಕ್ ತುಂಬಾ ಸರಳ. ಟ್ಯಾಂಕಿನೊಳಗೆ ಚಾಚಿಕೊಂಡ ಒಂದು ನಿಂತ ಕೊಳವೆ ಇರುತ್ತದೆ. ಆನ್ ಮಾಡಿದಾಗ ಪೆಟ್ರೋಲ್ ಬರುವುದು ಅದರ ತುದಿಯಿಂದ. ಮಟ್ಟ ಆ ತುದಿಗಿಂತ ಕೆಳಗಿಳಿದರೆ ಗಾಡಿ ಕೆಮ್ಮಲು ಶುರುಮಾಡುತ್ತದೆ. ಆಗ ರಿಸರ್ವ್‌ಗೆ ತಿರುಗಿಸಿದರೆ ಕೊಳವೆಯ ಬುಡದ ತೂತಿನಿಂದ ಉಳಿದದ್ದು ಬರುತ್ತದೆ. ಹೊರಗಿನ ನಾಬ್ ಯಾವ ದಾರಿ ತೆರೆಯಬೇಕು ಅನ್ನುವುದನ್ನು ನಿರ್ಧರಿಸುತ್ತದೆ. ನಾಬ್‌ಗೂ ಕಾಕ್‌ನ ಮೈಗೂ ನಡುವೆ ತೂತುಗಳಿರುವ ಒಂದು ದುಂಡನೆ ರಬ್ಬರ್ ಪ್ಯಾಕಿಂಗ್ ಇರುತ್ತದೆ. ಅಲೆಅಲೆಯಾದ ಒಂದು ಸ್ಪ್ರಿಂಗ್ ವಾಷರ್ ನಾಬನ್ನು ಈ ರಬ್ಬರ್‌ಗೆ ಒತ್ತಿ ಹಿಡಿದಿರುತ್ತದೆ.

ಈ ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗಿ ಕುಗ್ಗುತ್ತದೆ. ಸದಾ ಆನ್‌ನಲ್ಲೇ ಇದ್ದರೆ ನಾಬ್‌ನ ಅಚ್ಚು ಅದರ ಮೇಲೆ ಕೂತುಬಿಡುತ್ತದೆ. ಎಷ್ಟೋ ವರ್ಷ ಮುಟ್ಟದ ಕಾಕನ್ನು ಒಂದು ದಿನ ರಿಸರ್ವ್‌ಗೆ ತಿರುಗಿಸಿದಾಗ ಸೋರಿಕೆ ಶುರುವಾಯಿತು ಅಂತ ಎಷ್ಟೋ ಜನ ಹೇಳುವುದು ಇದಕ್ಕೇ. ಅಂಟಿಕೊಂಡಿದ್ದ ರಬ್ಬರ್ ಆವತ್ತು ಕಿತ್ತು ಬಂದಿರುತ್ತದೆ.

ಈಗಿನ ಪೆಟ್ರೋಲ್ ಇದಕ್ಕೆ ಇನ್ನಷ್ಟು ಕೂಡಿಸಿದೆ. ಶೇಕಡ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್ ಮಾರಾಟಕ್ಕೆ ಬಿಡುಗಡೆಯಾದದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ಈಗ ಬಂಕ್‌ಗಳಲ್ಲಿ ಬಹುತೇಕ ಸಿಗುವುದು ಅದೇ. ಎಂಬತ್ತು ತೊಂಬತ್ತರ ದಶಕದ ರಬ್ಬರ್ ಭಾಗಗಳನ್ನು ಇಷ್ಟು ಎಥನಾಲ್ ಲೆಕ್ಕ ಹಾಕಿ ಮಾಡಿರಲಿಲ್ಲ. ಕೆಲವು ಊದಿಕೊಳ್ಳುತ್ತವೆ, ಒಣಗಿದಾಗ ಸೀಳುತ್ತವೆ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕಿಳಿಯುತ್ತದೆ. ತಳದಲ್ಲಿ ಇರುವುದೇ ಕಾಕ್ ಅಲ್ವಾ? ಅದರ ಕೆಳಗಿನ ಬೌಲ್‌ನಲ್ಲಿ, ಅಂದರೆ ಕೊಳೆ ನಿಲ್ಲುವ ಸಣ್ಣ ಬಟ್ಟಲಿನಲ್ಲಿ, ಕಾಣುವ ಬಿಳಿ ಪುಡಿ ಈ ನೀರು ಲೋಹವನ್ನು ತಿಂದ ಗುರುತು.

## ಮೊದಲು ಸೋರಿಕೆಯ ಜಾಗ ಹುಡುಕಿ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಮಾಡಬೇಕಾದ ಕೆಲಸ ಇದು. ಕೆಳತುದಿಯಲ್ಲಿ ಹನಿ ಇದೆ ಅಂದಮಾತ್ರಕ್ಕೆ ಸೋರುತ್ತಿರುವುದು ಅಲ್ಲೇ ಅಂತಲ್ಲ. ಪೆಟ್ರೋಲ್ ಮೇಲೆಲ್ಲೋ ಹೊರಬಂದು, ಕಾಕ್‌ನ ಮೈಮೇಲೆ ತೆಳ್ಳಗೆ ಇಳಿದು, ಕೊನೆಗೆ ಕೆಳಗೆ ಬಂದು ಹನಿಯಾಗುತ್ತದೆ.

ಕಾಕನ್ನು ಹಳೇ ಬನಿಯನ್ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಪೂರ್ತಿ ಒಣಗಲು ಬಿಡಿ. ಆಮೇಲೆ ಟಾಲ್ಕಂ ಪೌಡರನ್ನು ಹತ್ತಿಯಿಂದ ಅದರ ಸುತ್ತ ತೆಳುವಾಗಿ ಹಚ್ಚಿ. ಟ್ಯಾಂಕಿಗೆ ಸೇರುವ ಜಾಗ, ನಾಬ್‌ನ ಸುತ್ತ, ಬೌಲ್‌ನ ಅಂಚು, ಪೈಪ್ ಸಿಕ್ಕಿಸಿದ ಮೂತಿ ಯಾವುದನ್ನೂ ಬಿಡಬೇಡಿ. ಹತ್ತಿಪ್ಪತ್ತು ನಿಮಿಷ ಬಿಟ್ಟು ಟಾರ್ಚ್ ಹಾಕಿ ನೋಡಿ. ಪೌಡರ್ ಮೊದಲು ಎಲ್ಲಿ ಒದ್ದೆಯಾಗಿದೆಯೋ ಅಲ್ಲೇ ತೊಂದರೆ. ಯೆಜ್ಡಿಯಂಥ ಆಯಿಲ್ ಬೆರೆಸಿದ ಪೆಟ್ರೋಲ್ ಕುಡಿಯುವ ಗಾಡಿಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ಪೆಟ್ರೋಲ್ ಆವಿಯಾಗಿ ಆಯಿಲ್ ಉಳಿಯುವುದರಿಂದ ಸೋರಿದ ದಾರಿಯುದ್ದಕ್ಕೂ ಕಂದು ಬಣ್ಣದ ಜಿಗುಟು ಇರುತ್ತದೆ. ಅದನ್ನು ಹಿಡಿದು ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಟ್ಯಾಂಕಿನ ಜಾಯಿಂಟ್ ಒದ್ದೆಯಾಗಿದ್ದರೆ ಮೇಲಿನ ಓ-ರಿಂಗ್ (ರಬ್ಬರ್ ಉಂಗುರ) ಅಥವಾ ವಾಷರ್ ಹೋಗಿದೆ. ನಾಬ್ ಸುತ್ತ ಒದ್ದೆಯಿದ್ದರೆ ಒಳಗಿನ ಪ್ಯಾಕಿಂಗ್. ಬೌಲ್ ಅಂಚಿನಲ್ಲಿದ್ದರೆ ಅಲ್ಲಿನ ಓ-ರಿಂಗ್. ಮೂತಿಯ ಹತ್ತಿರವಾದರೆ ಹೆಚ್ಚಾಗಿ ಪೈಪೇ ಗಡುಸಾಗಿ ಸೀಳಿರುತ್ತದೆ. ಪೈಪ್ ಮಾತ್ರ ಬದಲಿಸಿದರೆ ಸಾಕು, ಮುಂದಿನದ್ದೇನೂ ಬೇಡ.

ಹೊರಗೆ ಕಾಣದ ಸೋರಿಕೆಯೂ ಒಂದಿದೆ, ನನ್ನ ಪ್ರಕಾರ ಹೆಚ್ಚು ಕೆಟ್ಟದ್ದು ಅದೇ. ನಾಬ್ ಆಫ್‌ನಲ್ಲಿದ್ದರೂ ಪೆಟ್ರೋಲ್ ಒಳಗೊಳಗೇ ಕಾರ್ಬ್ಯುರೇಟರ್ ಕಡೆ ಇಳಿಯುತ್ತಿರುತ್ತದೆ. ಪರೀಕ್ಷೆ ಸುಲಭ. ಆಫ್ ಮಾಡಿ, ಕಾರ್ಬ್ಯುರೇಟರ್ ಕಡೆಯ ಪೈಪ್ ತುದಿ ಬಿಚ್ಚಿ, ಒಂದು ಒಣಗಿದ ಸ್ಟೀಲ್ ಡಬ್ಬಿಯೊಳಗೆ ಇಳಿಬಿಡಿ. ಪೈಪ್‌ನಲ್ಲಿದ್ದ ನಾಲ್ಕು ಹನಿ ಬಿದ್ದು ನಿಲ್ಲಬೇಕು. ಅರ್ಧ ಗಂಟೆಯ ಮೇಲೂ ಹನಿ ಬೀಳುತ್ತಿದ್ದರೆ ಕಾಕ್ ಹಿಡಿಯುತ್ತಿಲ್ಲ ಅಂತಲೇ ಅರ್ಥ.

ಕಾಕ್ ಸರಿಯಾಗಿ ನಿಲ್ಲಿಸುತ್ತಿದ್ದು, ಆನ್ ಮಾಡಿದಾಗ ಮಾತ್ರ ಕಾರ್ಬ್ಯುರೇಟರ್‌ನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಬೀಳುತ್ತಿದ್ದರೆ ತಪ್ಪು ಕಾಕ್‌ನದ್ದಲ್ಲ. ಅದು ಕಾರ್ಬ್ಯುರೇಟರ್ ಒಳಗೆ ಪೆಟ್ರೋಲ್ ಮಟ್ಟವನ್ನು ಹಿಡಿದಿಡುವ ಫ್ಲೋಟ್ ಅಥವಾ ನೀಡಲ್‌ನ ತೊಂದರೆ, ಬೇರೆಯೇ ಕೆಲಸ.

## ಬೆಂಕಿಯ ವಿಷಯ

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲಕ್ಕಿಳಿದು, ಹರಿದು, ದೂರದ ಕಿಡಿಯನ್ನೂ ಮುಟ್ಟುತ್ತದೆ. ಹಾಗಾಗಿ ಕೆಲಸ ಬಯಲಲ್ಲಿ, ಹಗಲು ಹೊತ್ತಿನಲ್ಲಿ, ಇಂಜಿನ್ ಪೂರ್ತಿ ಆರಿದ ಮೇಲೆ ನಡೆಯಲಿ. ಬೇಸ್‌ಮೆಂಟ್ ಪಾರ್ಕಿಂಗ್ ಬೇಡ, ಅಡುಗೆಮನೆಗೆ ಅಂಟಿದ ವರಾಂಡವೂ ಬೇಡ. ಹತ್ತಿರದಲ್ಲಿ ದೇವರ ದೀಪ, ಊದುಬತ್ತಿ, ಗೀಸರ್, ನೀರಿನ ಮೋಟರ್ ಸ್ವಿಚ್ ಇರಬಾರದು. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿಡಿ. ಒಂದು ಬಕೆಟ್ ಒಣ ಮರಳು ಅಥವಾ ಡ್ರೈ ಪೌಡರ್ ನಂದಕ ಕೈಗೆಟುಕುವಲ್ಲಿ ಇರಲಿ. ನೀರು ಹಾಕಿದರೆ ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತದೆ.

ತೆಗೆದ ಪೆಟ್ರೋಲ್ ಮುಚ್ಚಳವಿರುವ ಲೋಹದ ಕ್ಯಾನ್‌ಗೆ ಹೋಗಲಿ, ನೀರಿನ ಬಾಟಲಿಗೆ ಬೇಡ. ಮಕ್ಕಳು ಕುಡಿಯುವ ಅಪಾಯ ಒಂದೇ ಸಾಕು ಅದನ್ನು ಬಿಡಲಿಕ್ಕೆ. ಇನ್ನೊಂದು ಮಾತು: ಖಾಲಿ ಟ್ಯಾಂಕ್ ಅಂದರೆ ಅಪಾಯ ಕಳೆಯಿತು ಅಂತಲ್ಲ. ಒಳಗೆ ತುಂಬಿರುವುದು ಆವಿ, ಹೊತ್ತಿಕೊಳ್ಳುವುದೂ ಅದೇ.

## ಏನೇನು ಬೇಕು

ನಿಮ್ಮ ಗಾಡಿಯ ಕಾಕ್ ರಿಪೇರಿ ಕಿಟ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಒಳಗಿನ ಪ್ಯಾಕಿಂಗ್, ಓ-ರಿಂಗ್‌ಗಳು, ಕೆಲವೊಮ್ಮೆ ಜಾಲರಿ ಅದರಲ್ಲಿರುತ್ತವೆ. ಬೆಂಗಳೂರಿನ ಜೆ.ಸಿ. ರೋಡ್‌ನಂಥ ಸ್ಪೇರ್ ಪಾರ್ಟ್ಸ್ ಬೀದಿಗಳಲ್ಲಿ ಹುಡುಕಿ. ಮಾದರಿಯ ಹೆಸರು ಹೇಳಿ ತರುವುದಕ್ಕಿಂತ ಬಿಚ್ಚಿದ ಹಳೇ ರಬ್ಬರನ್ನೇ ಕೈಯಲ್ಲಿ ಹಿಡಿದು ಹೋಗಿ. ತೂತುಗಳ ಜಾಗ, ದಪ್ಪ, ಅಡ್ಡಗಲ ಮೂರನ್ನೂ ಕೌಂಟರಿನಲ್ಲೇ ಹೋಲಿಸಿ ನೋಡಿ. ಬಿಡಿ ಓ-ರಿಂಗ್ ಕೊಳ್ಳುವುದಾದರೆ ವೈಟಾನ್ ಅನ್ನುವ ರಬ್ಬರಿನದ್ದು ಕೇಳಿ. ಮಾಮೂಲಿ ಕಪ್ಪು ರಬ್ಬರ್‌ಗಿಂತ ದುಬಾರಿ, ಆದರೆ ಎಥನಾಲ್ ಪೆಟ್ರೋಲನ್ನು ಅದಕ್ಕಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ.

ಇದರ ಜೊತೆಗೆ ಹೊಸ ಪೆಟ್ರೋಲ್ ಪೈಪ್, ಎರಡು ಕ್ಲಿಪ್, ಸ್ಪ್ಯಾನರ್‌ಗಳು, 400, 800, 1000 ನಂಬರಿನ ವಾಟರ್ ಪೇಪರ್ (ಉಜ್ಜುವ ಕಾಗದ), ಒಂದು ದಪ್ಪ ಗಾಜಿನ ತುಂಡು, ಹಳೇ ಟೂತ್‌ಬ್ರಷ್. ಸ್ಕ್ರೂಡ್ರೈವರ್ ವಿಷಯದಲ್ಲಿ ಸ್ವಲ್ಪ ಗಮನ ಕೊಡಿ. ಜಪಾನಿ ವಿನ್ಯಾಸದ ಗಾಡಿಗಳ ಪ್ಲಸ್ ಸ್ಕ್ರೂಗಳು ಜೆಐಎಸ್ ಅನ್ನುವ ಅಳತೆಯವು. ಮಾಮೂಲಿ ಫಿಲಿಪ್ಸ್ ತುದಿ ಅವುಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆ ತಿಂದುಬಿಡುತ್ತದೆ. ಜೆಐಎಸ್ ತುದಿಯದ್ದು ಒಂದು ಇಟ್ಟುಕೊಂಡರೆ ಇಡೀ ಗಾಡಿಗೆ ಉಪಯೋಗ.

## ಖಾಲಿ ಮಾಡಿ, ಕಾಕ್ ಇಳಿಸಿ

ಪೈಪಿನ ತುದಿಯನ್ನು ಕ್ಯಾನ್‌ಗೆ ಹಾಕಿ ನಾಬನ್ನು ರಿಸರ್ವ್‌ಗೆ ತಿರುಗಿಸಿ. ಆನ್‌ನಲ್ಲಿಟ್ಟರೆ ತಳದ್ದು ಉಳಿದುಬಿಡುತ್ತದೆ. ಹರಿಯುವುದು ನಿಂತ ಮೇಲೂ ಟ್ಯಾಂಕಿನ ಇನ್ನೊಂದು ಪಕ್ಕದಲ್ಲಿ ಸ್ವಲ್ಪ ಇರುತ್ತದೆ, ಏಕೆಂದರೆ ಟ್ಯಾಂಕ್ ಚಾಸಿಯ ಕೊಳವೆಯನ್ನು ತಬ್ಬಿ ಎರಡೂ ಕಡೆ ಇಳಿಬಿದ್ದಿರುತ್ತದೆ. ಗಾಡಿಯನ್ನು ಕಾಕ್ ಇರುವ ಕಡೆಗೆ ವಾಲಿಸಿದರೆ ಅದೂ ಈಚೆ ಬರುತ್ತದೆ.

ಆಮೇಲೆ ಟ್ಯಾಂಕನ್ನೇ ಇಳಿಸುವುದು ಒಳ್ಳೆಯದು. ಸೀಟ್ ತೆಗೆದು, ಹಿಂದಿನ ಬೋಲ್ಟ್ ಬಿಚ್ಚಿ, ಟ್ಯಾಂಕನ್ನು ಸ್ವಲ್ಪ ಎತ್ತಿ ಹಿಂದಕ್ಕೆ ಎಳೆದರೆ ಮುಂದಿನ ರಬ್ಬರ್ ಗುಬ್ಬಿಗಳಿಂದ ಬಿಟ್ಟು ಬರುತ್ತದೆ. ಎಲ್ಲ ಗಾಡಿಗಳಲ್ಲೂ ಒಂದೇ ತರಹ ಇರುವುದಿಲ್ಲ. ಬಲವಂತ ಮಾಡುವ ಮೊದಲು ಎಲ್ಲಿ ಹಿಡಿದಿದೆ ಅಂತ ನೋಡಿ. ಹಳೇ ಕಂಬಳಿ ಹಾಸಿ ಅದರ ಮೇಲೆ ಟ್ಯಾಂಕನ್ನು ಕಾಕ್ ಮೇಲಕ್ಕೆ ಬರುವಂತೆ ಮಲಗಿಸಿ. ಮುಚ್ಚಳದಿಂದ ಉಳಿದ ಪೆಟ್ರೋಲ್ ಸೋರದ ಹಾಗೆ ನೋಡಿಕೊಳ್ಳಿ, ಪೇಂಟ್ ಹಾಳಾಗುತ್ತದೆ.

ಕಾಕ್ ಎರಡು ಬೋಲ್ಟ್‌ಗಳಲ್ಲಿ ನಿಂತಿದ್ದರೆ ಎರಡನ್ನೂ ಸಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬೋಲ್ಟ್ ತಲೆಯ ಕೆಳಗೆ ನೈಲಾನ್ ಅಥವಾ ಫೈಬರ್ ವಾಷರ್ ಇದ್ದರೆ ಎತ್ತಿಡಿ. ಕೆಲವು ಟ್ಯಾಂಕ್‌ಗಳಲ್ಲಿ ಬೋಲ್ಟಿನ ತೂತು ಒಳಗಿನ ತನಕ ಹೋಗುತ್ತದೆ. ಅಲ್ಲಿ ಆ ವಾಷರ್ ಇಲ್ಲದಿದ್ದರೆ ಥ್ರೆಡ್ ಹಿಡಿದೇ ಪೆಟ್ರೋಲ್ ಇಳಿದು ಬರುತ್ತದೆ. ಒಂದೇ ದೊಡ್ಡ ನಟ್‌ನಲ್ಲಿ ನಿಂತ ಕಾಕ್ ಆದರೆ ಮೈಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಟ್ ಮಾತ್ರ ತಿರುಗಿಸಿ. ಕೆಲವು ನಟ್‌ಗಳಲ್ಲಿ ಟ್ಯಾಂಕ್ ಕಡೆ ಒಂದು ದಿಕ್ಕಿನ ಥ್ರೆಡ್, ಕಾಕ್ ಕಡೆ ಎದುರು ದಿಕ್ಕಿನದ್ದು ಇರುತ್ತದೆ. ಹಾಗಿದ್ದರೆ ಕಳಚುವಾಗ ಎಷ್ಟು ಸುತ್ತಿಗೆ ಬಿಟ್ಟಿತು ಅಂತ ಎಣಿಸಿಡಿ, ಮತ್ತೆ ಹಾಕುವಾಗ ಬೇಕಾಗುತ್ತದೆ.

ತೆಗೆದ ಕೂಡಲೇ ತೂತಿನಿಂದ ಟ್ಯಾಂಕಿನೊಳಗೆ ಟಾರ್ಚ್ ಬಿಡಿ. ಉರಿಯುವ ಬಲ್ಬಿನ ಕೈದೀಪ ಬೇಡ, ಎಲ್‌ಇಡಿ ಟಾರ್ಚ್ ಇರಲಿ. ಕೆಂಪಗೆ ತುಕ್ಕಿನ ಪುಡಿ ಕಂಡರೆ ಟ್ಯಾಂಕ್ ತೊಳೆಯದೆ ಹೊಸ ರಬ್ಬರ್ ಹಾಕುವುದು ದಂಡ. ಅದೇ ತುಕ್ಕಿನ ಕಣ ಹೊಸ ಪ್ಯಾಕಿಂಗನ್ನೂ ಗೀರುತ್ತದೆ.

## ಬಿಚ್ಚಿ, ನೋಡಿ, ಸಪಾಟು ಮಾಡಿ

ಈ ಹಂತದಲ್ಲಿ ಅವಸರ ಬೇಡ. ನಾಬ್ ಮೇಲಿನ ತಗಡನ್ನು ಹಿಡಿದಿರುವ ಎರಡು ಸ್ಕ್ರೂ ಬಿಚ್ಚಿ. ಹಟ ಮಾಡಿದರೆ ಡಬ್ಲ್ಯೂಡಿ-40 ಹಾಕಿ ಒಂದು ಗಂಟೆ ಬಿಡಿ. ಸುತ್ತಿಗೆ ಏಟು ಮಾತ್ರ ಬೇಡ, ಎರಕದ ಮೈ ಬಿರುಕು ಬಿಟ್ಟರೆ ಕಾಕ್ ಮುಗಿದಂತೆ. ತಗಡು, ಅಲೆ ವಾಷರ್, ನಾಬ್, ರಬ್ಬರ್ ಹೀಗೆ ಒಂದೊಂದಾಗಿ ಬರುತ್ತವೆ. ಬಂದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಫೋಟೋ ತೆಗೆದುಕೊಳ್ಳುವುದಿದ್ದರೆ ಫೋನನ್ನು ಪೆಟ್ರೋಲಿನಿಂದ ದೂರ ಹಿಡಿಯಿರಿ.

ಹಳೇ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ತೂತಿನ ಸುತ್ತ ಒಂದು ಉಂಗುರದ ಅಚ್ಚು ಕೂತಿರುತ್ತದೆ. ಆ ಅಚ್ಚು ಎಲ್ಲಿ ಮಸುಕಾಗಿದೆಯೋ ಅಲ್ಲಿ ಒತ್ತಡ ಬಿದ್ದಿಲ್ಲ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಏಳದಿದ್ದರೆ ಅದರ ಆಯಸ್ಸು ತೀರಿದೆ.

ಈಗ ನಾಬ್‌ನ ಒಳಮುಖ, ಅಂದರೆ ರಬ್ಬರ್‌ಗೆ ತಾಗುವ ಪಕ್ಕ. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ವೃತ್ತಾಕಾರದ ಸಣ್ಣ ಗೀರುಗಳು ಕಾಣುತ್ತವೆ. ಮರಳು, ತುಕ್ಕಿನ ಕಣ ಸಿಕ್ಕಿಕೊಂಡು ನಾಬ್ ತಿರುಗಿದಾಗೆಲ್ಲ ಕೊರೆದದ್ದು. ಈ ಗೀರುಗಳೇ ಪೆಟ್ರೋಲಿಗೆ ಕಾಲುವೆ. ಹೊಸ ರಬ್ಬರ್ ಹಾಕಿದ ಮೇಲೂ ಸೋರುತ್ತದೆ ಅನ್ನುವ ದೂರು ಬರುವುದು ಇವನ್ನು ಹಾಗೇ ಬಿಟ್ಟಾಗ.

ಗಾಜಿನ ಮೇಲೆ 800ರ ವಾಟರ್ ಪೇಪರ್ ಹಾಸಿ, ಎರಡು ಹನಿ ಆಯಿಲ್ ಬಿಡಿ. ಗೀರು ಆಳವಿದ್ದರೆ 400ರಿಂದ ಶುರುಮಾಡಿ. ನಾಬ್‌ನ ಮುಖದ ಮೇಲೆ ಮಾರ್ಕರ್ ಪೆನ್‌ನಿಂದ ಅಡ್ಡಡ್ಡ ಗೆರೆ ಎಳೆಯಿರಿ. ಮುಖವನ್ನು ಪೇಪರಿನ ಮೇಲೆ ಅಡಿಮೇಲಾಗಿ ಇಟ್ಟು, ನಡುವೆ ಒಂದೇ ಬೆರಳಿನ ಭಾರ ಕೊಟ್ಟು, ಇಂಗ್ಲಿಷ್ ಎಂಟರ ಆಕಾರದಲ್ಲಿ ಉಜ್ಜಿ. ಹತ್ತು ಸುತ್ತು ಆದ ಮೇಲೆ ತಿರುಗಿಸಿ ನೋಡಿ. ಗೆರೆ ಅಳಿಸಿದ ಜಾಗ ಎತ್ತರ, ಉಳಿದ ಜಾಗ ತಗ್ಗು. ಎಲ್ಲ ಗೆರೆಗಳೂ ಹೋಗುವ ತನಕ ಮುಂದುವರಿಸಿ, ಕೊನೆಗೆ 1000ರಲ್ಲಿ ನುಣುಪು ಮಾಡಿ. ಮುಖದ ಮೇಲೆ ಬೇರೆ ಅಂಚು, ಗುಂಡಿ ಇರುವ ವಿನ್ಯಾಸವಾದರೆ ಅವನ್ನು ಸವೆಸಬೇಡಿ. ಅಗತ್ಯಕ್ಕಿಂತ ಜಾಸ್ತಿ ಉಜ್ಜಿದರೆ ದಪ್ಪ ಕಮ್ಮಿಯಾಗಿ ಸ್ಪ್ರಿಂಗ್‌ನ ಒತ್ತು ಸಾಲದೆ ಹೋಗುತ್ತದೆ.

ಟ್ಯಾಂಕಿಗೆ ಕೂರುವ ಮುಖಕ್ಕೂ ಇದೇ ಉಪಚಾರ. ಸೋರುತ್ತಿದೆ ಅಂತ ಬೋಲ್ಟ್‌ಗಳನ್ನು ಇನ್ನೂ ಇನ್ನೂ ಬಿಗಿದಿರುತ್ತಾರೆ ನೋಡಿ, ಆಗ ಮೆತ್ತಗಿನ ಎರಕ ಬೋಲ್ಟ್ ಕೂರುವ ಎರಡೂ ಕಿವಿಗಳ ಕಡೆ ಬಾಗಿ ನಡುವೆ ಸಂದು ಬೀಳುತ್ತದೆ. ಸ್ಟೀಲ್ ಸ್ಕೇಲ್ ಅಡ್ಡ ಹಿಡಿದು ಬೆಳಕು ತೂರುತ್ತದಾ ನೋಡಿ. ತೂರಿದರೆ ಅದನ್ನೂ ಗಾಜಿನ ಮೇಲೆ ಉಜ್ಜಿ ಸಮ ಮಾಡಿ.

ಕೊಳವೆಯ ತೂತುಗಳನ್ನು ತೆಳು ತಾಮ್ರದ ತಂತಿಯಿಂದ, ಬೌಲ್ ಮತ್ತು ಮೈಯನ್ನು ಬ್ರಷ್‌ನಿಂದ ತೊಳೆಯಿರಿ. ಉಜ್ಜಿದ ಪುಡಿ ಒಂದು ಕಣವೂ ಉಳಿಯಬಾರದು. ಜಾಲರಿ ಹರಿದಿದ್ದರೆ ಬದಲಿಸಲೇಬೇಕು.

ನಾಬ್‌ನ ತಗಡನ್ನು ಸ್ಕ್ರೂ ಬದಲು ರಿವೆಟ್‌ನಲ್ಲಿ ಹಿಡಿದಿರುವ ಕಾಕ್‌ಗಳೂ ಇವೆ. ಅವನ್ನು ಬಿಚ್ಚುವಂತೆ ಮಾಡಿಲ್ಲ. ಸುಲಭವಾಗಿ ಸಿಗುವ ಮಾದರಿಯಾದರೆ ಹೊಸದು ಹಾಕಿ. ಅಪರೂಪದ್ದಾದರೆ ಲೇಥ್ ಅಂಗಡಿಯಲ್ಲಿ ರಿವೆಟ್ ಕೊರೆಸಿ ಸಣ್ಣ ಥ್ರೆಡ್ ಹಾಕಿಸಬಹುದು.

## ಕೂರಿಸುವುದು

ಹೊಸ ರಬ್ಬರ್‌ಗಳಿಗೆ ಒಂದೇ ಹನಿ ಇಂಜಿನ್ ಆಯಿಲ್ ಅಥವಾ 2ಟಿ (ಟೂ ಸ್ಟ್ರೋಕ್) ಆಯಿಲ್ ಸವರಿ. ಗ್ರೀಸ್ ಬೇಡ. ಅನಾಬಾಂಡ್ ತರಹದ ಸಿಲಿಕೋನ್ ಗಮ್ ಕೂಡ ಬೇಡ, ಎಷ್ಟೇ ಮೆಕ್ಯಾನಿಕ್‌ಗಳು ಹಾಕಿದರೂ ಸರಿ. ಮಾಮೂಲಿ ಸಿಲಿಕೋನ್ ಪೆಟ್ರೋಲಿನಲ್ಲಿ ಊದಿ, ಚೂರು ಚೂರಾಗಿ ಬಿಟ್ಟು, ಕಾರ್ಬ್ಯುರೇಟರ್ ಜೆಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳ್ಳೆ ರಬ್ಬರ್, ಸಪಾಟಾದ ಮುಖ ಇದ್ದರೆ ಗಮ್ಮಿನ ಕೆಲಸವೇ ಇಲ್ಲ.

ಪ್ಯಾಕಿಂಗ್‌ನ ಗೂಟಗಳು ಮೈಯ ಗುಳಿಗಳಲ್ಲಿ ಪೂರ್ತಿ ಕೂತಿರಬೇಕು. ನಾಬ್, ಅಲೆ ವಾಷರ್, ತಗಡು ಇಟ್ಟು ಎರಡು ಸ್ಕ್ರೂಗಳನ್ನೂ ಒಂದರ ನಂತರ ಒಂದು ಕಾಲು ಸುತ್ತಿನಂತೆ ಬಿಗಿಯಿರಿ. ನಾಬ್ ಎರಡು ಬೆರಳಿಗೆ ಬಿಗಿಯಾಗಿ, ಆದರೆ ಎಲ್ಲೂ ತಡೆಯದೆ ತಿರುಗಬೇಕು. ಬೌಲನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಸ್ಪ್ಯಾನರ್‌ನಿಂದ ಇನ್ನು ಸ್ವಲ್ಪವೇ ಸ್ವಲ್ಪ. ಟ್ಯಾಂಕ್ ಬೋಲ್ಟ್ ಬಿಗಿಯುವಾಗ ಸ್ಪ್ಯಾನರ್‌ನ ತುದಿ ಹಿಡಿಯದೆ ನಡು ಹಿಡಿಯಿರಿ, ಕೈ ತಾನಾಗೇ ಮಿತಿಯಲ್ಲಿರುತ್ತದೆ. ಥ್ರೆಡ್ ಸ್ಲಿಪ್ ಆದರೆ ಟ್ಯಾಂಕ್ ಕೆಲಸ ಬೀಳುತ್ತದೆ. ಎರಡು ದಿಕ್ಕಿನ ಥ್ರೆಡ್ ಇರುವ ನಟ್ ಆದರೆ, ಎಣಿಸಿಟ್ಟ ಸುತ್ತುಗಳ ಲೆಕ್ಕದಲ್ಲಿ ಎರಡೂ ಕಡೆಯನ್ನು ಒಟ್ಟಿಗೆ ಹಿಡಿಸಬೇಕು.

ಪೈಪ್ ಹೊಸದೇ ಇರಲಿ, ಪೆಟ್ರೋಲಿಗಂತಲೇ ಮಾಡಿದ್ದು. ಹಾರ್ಡ್‌ವೇರ್ ಅಂಗಡಿಯ ಲೆವೆಲ್ ನೋಡುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬ್ ಕೆಲವೇ ತಿಂಗಳಲ್ಲಿ ಕೋಲಿನಂತಾಗುತ್ತದೆ. ಮಡಚದಷ್ಟು ಉದ್ದ ಕೊಡಿ, ಸಿಲಿಂಡರ್ ಫಿನ್‌ಗೆ ತಾಗದಂತೆ ನೋಡಿ, ಎರಡೂ ತುದಿಗೆ ಕ್ಲಿಪ್ ಹಾಕಿ.

## ಗಾಡಿಗೆ ಏರಿಸುವ ಮೊದಲು ಪರೀಕ್ಷೆ

ಟ್ಯಾಂಕನ್ನು ಎರಡು ಇಟ್ಟಿಗೆ ಸಾಲಿನ ಮೇಲೆ, ಕೆಳಗೆ ಬಿಳಿ ಕಾಗದ ಹಾಸಿ, ನಿಲ್ಲಿಸಿ. ಮೊದಲು ಅರ್ಧ ಲೀಟರ್ ಮಾತ್ರ ಹಾಕಿ ಆಫ್‌ನಲ್ಲಿ ಒಂದು ಗಂಟೆ ಬಿಡಿ. ಹೊರಗೂ ಒದ್ದೆಯಿರಬಾರದು, ಪೈಪ್ ತುದಿಯಿಂದಲೂ ಹನಿಯಬಾರದು. ಆಮೇಲೆ ಆನ್ ಮಾಡಿ. ಇಷ್ಟು ಕಮ್ಮಿ ಪೆಟ್ರೋಲ್ ಸಾಮಾನ್ಯವಾಗಿ ಕೊಳವೆಯ ತುದಿ ಮುಟ್ಟುವುದಿಲ್ಲ, ಹಾಗಾಗಿ ಬರಬಾರದು. ರಿಸರ್ವ್‌ಗೆ ತಿರುಗಿಸಿದರೆ ಬರಬೇಕು. ಆನ್‌ನಲ್ಲೂ ಬಂದರೆ ಕೊಳವೆ ಬುಡದಲ್ಲಿ ಸಡಿಲವಾಗಿದೆ ಅಥವಾ ಪ್ಯಾಕಿಂಗ್ ತಿರುಗುಮುರುಗಾಗಿದೆ. ಹಾಗೇ ಬಿಟ್ಟರೆ ರಿಸರ್ವ್ ಅನ್ನುವುದೇ ಇರುವುದಿಲ್ಲ, ದಾರಿ ಮಧ್ಯೆ ಪೂರ್ತಿ ಖಾಲಿಯಾದಾಗಲೇ ಗೊತ್ತಾಗುವುದು.

ಇದಾದ ಮೇಲೆ ಜಾಸ್ತಿ ಪೆಟ್ರೋಲ್ ಹಾಕಿ ಮತ್ತೊಮ್ಮೆ ನೋಡಿ. ಧಾರೆ ಚೆನ್ನಾಗಿ ಶುರುವಾಗಿ ಬರುಬರುತ್ತಾ ಸಣ್ಣಗಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಕಾಕ್‌ನ ತಪ್ಪಲ್ಲ.

## ಇಂಜಿನ್ ಸ್ಟಾರ್ಟ್ ಮಾಡುವ ಮುಂಚೆ

ಒಳಗೊಳಗೇ ಸೋರುತ್ತಿದ್ದ ಗಾಡಿಯಾಗಿದ್ದರೆ ಇದನ್ನು ಮರೆಯಬೇಡಿ. ಸಿಡಿ 100, ಸ್ಪ್ಲೆಂಡರ್‌ನಂಥ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ನೀಡಲ್ ಕೂಡ ಹಿಡಿಯದಿದ್ದರೆ ಪೆಟ್ರೋಲ್ ಸಿಲಿಂಡರ್ ದಾಟಿ ಇಂಜಿನ್ ಆಯಿಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದರೆ, ಮಟ್ಟ ಏರಿದ್ದರೆ, ಆಯಿಲ್ ಬದಲಿಸದೆ ಕಿಕ್ ಹೊಡೆಯಬೇಡಿ. ತೆಳುವಾದ ಆಯಿಲ್ ಕ್ಯಾಮ್, ಬೇರಿಂಗ್‌ಗಳನ್ನು ಬೇಗ ತಿಂದುಹಾಕುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಸೋರಿದ ಪೆಟ್ರೋಲ್ ಕ್ರ್ಯಾಂಕ್ ಕೇಸ್‌ನಲ್ಲಿ ನಿಂತಿರುತ್ತದೆ. ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ದೂರ ಇಟ್ಟು, ಹಲವು ಸಲ ಕಿಕ್ ತುಳಿದು ಹೊರಹಾಕಿ. ಒಂದಷ್ಟು ಹೊತ್ತು ಬಿಟ್ಟು, ಆವಿ ಹೋದ ಮೇಲೆ ಒಣ ಪ್ಲಗ್ ಹಾಕಿ.

ಸರ್ಕಸ್ ಎಲ್ಲ ಮನೆಯಲ್ಲಾದರೆ ಸರಿ, ದೂರದ ಊರಿನ ರಸ್ತೆಯಲ್ಲಿ ಜಾಯಿಂಟ್ ಸೋರಿದರೆ? ಬಟ್ಟೆ ತೊಳೆಯುವ ಬಾರ್ ಸೋಪನ್ನು ಒಣಗಿದ ಮೇಲ್ಮೈಗೆ ಒತ್ತಿ ಉಜ್ಜಿ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ಮನೆ ಸೇರುವ ತನಕ ಸಣ್ಣ ಸೋರಿಕೆಯನ್ನು ತಡೆಯುತ್ತದೆ. ಹೊರಗಿನ ಜಾಯಿಂಟಿಗೆ ಮಾತ್ರ, ಮತ್ತು ಆ ದಿನಕ್ಕೆ ಮಾತ್ರ.

ಇನ್ನು ಮೇಲೆ ಗಾಡಿ ನಿಲ್ಲಿಸಿದಾಗೆಲ್ಲ ಕಾಕ್ ಆಫ್ ಮಾಡಿ. ರಬ್ಬರ್ ದಿನಾ ಅಲುಗಾಡುತ್ತಿದ್ದರೆ ಅಂಟಿಕೊಳ್ಳುವುದಿಲ್ಲ. ಮೊದಲ ವಾರ ಬೆಳಿಗ್ಗೆ ಒಮ್ಮೆ ಜಾಯಿಂಟಿನ ಕೆಳಗೆ ಬೆರಳಾಡಿಸಿ, ಮೂಸಿ ನೋಡಿ. ಹೊಸ ಓ-ರಿಂಗ್ ಒತ್ತಿಕೊಂಡು ಕೂತ ಮೇಲೆ ಬೋಲ್ಟ್‌ಗಳು ಒಂದು ಎಳೆ ಸಡಿಲಾಗುವುದುಂಟು. ಆಗ ಎರಡನ್ನೂ ಸಮವಾಗಿ, ಸುತ್ತಿನ ಎಂಟನೇ ಒಂದು ಭಾಗದಷ್ಟು ಬಿಗಿದರೆ ಸಾಕು. ಪೆಟ್ರೋಲ್ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕದೆ, ಬಯಲಲ್ಲಿ ಹರಡಿ ಪೂರ್ತಿ ಒಣಗಿಸಿ ಆಮೇಲೆ ಬಿಸಾಡಿ. ತಳದ ಕೊಳೆ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಹತ್ತಿರದ ಗ್ಯಾರೇಜಿಗೆ ಕೊಡಿ.